ಒಂದನೇ ವೋಟು ಬೇಡ, ಮೂರನೆಯದು ಕೊಡಿ ಅಂದೆ

ಐರ್ಲೆಂಡಿನಲ್ಲಿ ಕೌನ್ಸಿಲರ್ ಆಗಿದ್ದು ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ನಿಲ್ಲುವ ಮನಸ್ಸಿರುವ ನಮ್ಮವರಿಗಾಗಿ ಬರೆದಿದ್ದೇನೆ. ಇಲ್ಲಿ ಒಬ್ಬರಿಗಷ್ಟೇ ವೋಟಲ್ಲ, ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯಬೇಕು. ಗೆಲುವಿಗೆ ನಿಗದಿಯಾದ ವೋಟಿನ ಸಂಖ್ಯೆಯೇ ಕೋಟಾ. ಕಡಿಮೆ ವೋಟಿನವರು ಔಟಾದರೆ ಅವರ ವೋಟು ಎರಡನೆಯವರಿಗೆ, ಆ ಎರಡನೆಯವರು ಆಗಲೇ ಗೆದ್ದಿದ್ದರೆ ಅಥವಾ ಔಟಾಗಿದ್ದರೆ ಮೂರನೆಯವರಿಗೆ ಹೋಗುತ್ತದೆ, ಅದೇ ಟ್ರಾನ್ಸ್‌ಫರ್.

2019ರಲ್ಲಿ ಪಕ್ಷೇತರನಾಗಿ ನಿಂತು ಆರು ಸಾವಿರ ಯೂರೋ ಚಿಲ್ಲರೆ ಕಳೆದೆ. ಅರ್ಧ ದುಡ್ಡು ಪೋಸ್ಟರಿಗೇ ಹೋಯಿತು. ಕಂಬ ಕಂಬದಲ್ಲೂ ನನ್ನ ಮುಖ, ವೋಟು ಮಾತ್ರ ಮುನ್ನೂರರ ಆಸುಪಾಸು. 2008ರಲ್ಲಿ ಕಟ್ಟಡದ ಕೆಲಸ ನಿಂತು ಮುಖ್ಯ ಗುತ್ತಿಗೆದಾರ ಬಾಗಿಲು ಹಾಕಿದಾಗ ನನಗೆ ಬರಬೇಕಿದ್ದ ಹನ್ನೆರಡು ಸಾವಿರ ಮುಳುಗಿತ್ತು, ಹೆಂಡತಿಯ ನರ್ಸ್ ಸಂಬಳದಲ್ಲಿ ಮನೆ ನಡೆದಿತ್ತು. ಈ ಸೋಲು ಅದಕ್ಕಿಂತ ಉರಿಯಿತು.

ಆದರೆ ಎಣಿಕೆಯ ಹಾಲ್‌ನಿಂದ ಬರಿಗೈಲಿ ಬರಲಿಲ್ಲ. ಬೇಲಿಯಾಚೆ ನಿಂತು, ಮತಪತ್ರ ಬಿಚ್ಚುವಾಗಲೇ ಯಾರಿಗೆಷ್ಟು ಅಂತ ಲೆಕ್ಕ ಗುರುತು ಮಾಡಿಕೊಳ್ಳುವ ಟ್ಯಾಲಿಯವರಿಂದ ಯಾವ ಪೆಟ್ಟಿಗೆಯಲ್ಲಿ ನನಗೆಷ್ಟು ಅಂತ ಬರೆದುಕೊಂಡೆ. ಔಟಾದವರ ವೋಟು ಯಾರ ಕಡೆ ಹೋಗುತ್ತದೆ ಅನ್ನೋದನ್ನೂ ರಾತ್ರಿಯವರೆಗೆ ನೋಡಿದೆ.

2024ಕ್ಕೆ ಪೋಸ್ಟರ್ ಕಾಲುಭಾಗಕ್ಕಿಳಿಸಿದೆ. ಯಾವುದಾದರೂ ಪಕ್ಷಕ್ಕೇ ವೋಟು ಹಾಕುವ ಮನೆಗಳಲ್ಲಿ, "ಒಂದನೆಯದು ನಿಮ್ಮವರಿಗೇ ಹಾಕಿ, ಮೂರನೆಯದು ನನಗಿರಲಿ" ಅಂದೆ. ಗೆಳೆಯರು ನಕ್ಕರು: "ಶೆಟ್ರೇ, ಬೇಡೋದೇ ಬೇಡ್ತೀರಿ, ಉಳಿದದ್ದನ್ನ ಯಾಕೆ ಬೇಡ್ತೀರಿ?"

ಇಪ್ಪತ್ತು ವರ್ಷ ಕಟ್ಟಡ ಕಟ್ಟುವ ಸೈಟಿನಲ್ಲಿದ್ದವನಿಗೆ ಬಾಗಿಲು ತೆರೆಯುವ ಮೊದಲೇ ಸೋರುವ ಗಟರ್, ಗೋಡೆಯ ತೇವ, ಕುಸಿದ ಫುಟ್‌ಪಾತ್ ಕಾಣುತ್ತೆ. ಅದರಿಂದಲೇ ಮಾತು ಶುರು. ಆ ಮೊದಲ ವಾಕ್ಯ ಏನು ಅಂತ ಹೇಳಲ್ಲ, 2029ರಲ್ಲಿ ಮತ್ತೆ ಚುನಾವಣೆಯಿದೆ! ಒಂದು ಬಡಾವಣೆಯಲ್ಲಿ ಕರಪತ್ರದ ಬದಲು ಬಡಗಿ ಪೆನ್ಸಿಲಿಗೆ ಹೆಸರು ಹಾಕಿಸಿ ಹಂಚಿದೆ. ನಲವತ್ತು ಸೆಂಟಿಗೆ ಒಂದು ಬಿತ್ತು. ಮಕ್ಕಳು ಖುಷಿಪಟ್ಟರು, ಆ ಪೆಟ್ಟಿಗೆಯಲ್ಲಿ ವೋಟೇನೂ ಏರಲಿಲ್ಲ.

ಆರು ಸೀಟು, ಹತ್ತು ಸಾವಿರದಷ್ಟು ಸಿಂಧು ವೋಟು, ಕೋಟಾ 1,430ರ ಹತ್ತಿರ. ಮೊದಲ ಸುತ್ತಿನಲ್ಲಿ ನನಗೆ ಏಳುನೂರು, ಎಂಟನೇ ಸ್ಥಾನ. ನಕ್ಕವರಲ್ಲಿ ಇಬ್ಬರು ಮನೆಗೆ ಹೊರಟರು. ಆಮೇಲೆ ದೊಡ್ಡ ಪಕ್ಷವೊಂದರ ಎರಡನೇ ಅಭ್ಯರ್ಥಿ ಔಟಾದ. ಅವನ ಕಟ್ಟುಗಳು ಬಿಚ್ಚುತ್ತಿದ್ದಂತೆ ನನ್ನ ಮೂರುಗಳು ಸಾಲಾಗಿ ಹೊರಬಂದವು. ಉಳಿದವರೆಲ್ಲ ಔಟಾಗಿದ್ದರಿಂದ ಕೋಟಾ ಮುಟ್ಟದೆಯೇ ಕೊನೆಯ ಸೀಟು ಗೆದ್ದೆ.

ಗೆದ್ದು ರಾಜನಾಗಿಲ್ಲ. ಬಜೆಟ್, ಅಭಿವೃದ್ಧಿ ಯೋಜನೆಗೆ ನಮ್ಮ ಮತ ಬೇಕು. ದಿನದ ಆಡಳಿತವೆಲ್ಲ ಕೌನ್ಸಿಲಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದ್ದು. ಸಂಬಳ ತೆರಿಗೆಗೆ ಮುಂಚೆ ವರ್ಷಕ್ಕೆ ಮೂವತ್ತು ಸಾವಿರ ಯೂರೋ ಆಸುಪಾಸು, ಸೈಟಿನಲ್ಲೇ ಹೆಚ್ಚು ದುಡಿಯುತ್ತಿದ್ದೆ.

ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಲು, ನಿಲ್ಲಲು ಐರಿಷ್ ಪೌರತ್ವ ಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ನಮ್ಮವರಲ್ಲಿ ಬಹಳ ಜನಕ್ಕೆ ಇದೇ ಗೊತ್ತಿರಲಿಲ್ಲ. ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಪೋಸ್ಟರ್ ಕಟ್ಟಿದರೆ ಮತದಾನವಾಗಿ ಏಳು ದಿನದೊಳಗೆ ಕೇಬಲ್ ಟೈ ಸಮೇತ ಇಳಿಸಿ, ಇಲ್ಲದಿದ್ದರೆ 150 ಯೂರೋ ದಂಡ.