ಘಾಟ್ ಏರುವ ಮೊದಲು ಕೂಲಂಟ್ ನೋಡಿದ್ದೀರಾ?

ಮೇ ತಿಂಗಳಲ್ಲಿ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಊರಿಗೆ ಹೊರಟವರಿಗೆ ಖಂಬಾಟಕಿ ಘಾಟಿನ ಏರು ಗೊತ್ತೇ ಇದೆ. ಕಾರಿನ ತುಂಬ ಜನ, ಡಿಕ್ಕಿಯಲ್ಲಿ ಸಾಮಾನು, ಎಸಿ ಫುಲ್, ಮುಂದೆ ತೆವಳುವ ಲಾರಿ. ಅಲ್ಲಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳು. 'ಗಾಡಿ ಗರಮ್ ಝಾಲೀ!' ಹೆಚ್ಚಿನ ಸಲ ಇದರ ಸುಳಿವು ಮನೆಯ ಪಾರ್ಕಿಂಗಿನಲ್ಲೇ ಸಿಕ್ಕಿರುತ್ತದೆ. ಯಾರೂ ನೋಡಿರುವುದಿಲ್ಲ, ಅಷ್ಟೇ.

ಕೂಲಂಟ್ ಅಂದರೆ ಎಂಜಿನ್ ತಂಪಾಗಿಡುವ ದ್ರವ. ಅದನ್ನು ನೋಡಲು ಬೆಳಗ್ಗೆಯೇ ಒಳ್ಳೆಯದು. ರಾತ್ರಿಯೆಲ್ಲ ನಿಂತ ಎಂಜಿನ್ ತಣ್ಣಗಿರಬೇಕು, ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಬಾನೆಟ್ ಎತ್ತಿದರೆ ರೇಡಿಯೇಟರ್ ಹತ್ತಿರ ಮಬ್ಬು ಬಿಳಿಯ ಪ್ಲಾಸ್ಟಿಕ್ ಟ್ಯಾಂಕ್ ಕಾಣುತ್ತದೆ. ಅದರ ಮೇಲೆ 'ಮಿನ್', 'ಮ್ಯಾಕ್ಸ್' ಎಂಬ ಎರಡು ಗೆರೆ. ಕೂಲಂಟ್ ಅವೆರಡರ ನಡುವೆ ಇರಬೇಕು. ಹಳೇ ಗಾಡಿಯಾಗಿ ಟ್ಯಾಂಕ್ ಹಳದಿಗಟ್ಟಿದ್ದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಕಾರನ್ನು ಒಂದಿಷ್ಟು ಅಲ್ಲಾಡಿಸಿ. ಒಳಗೆ ತುಳುಕುವ ಅಂಚು ಕಾಣುತ್ತದೆ.

ಎಂಜಿನ್ ಬಿಸಿ ಇದ್ದಾಗ ಮಾತ್ರ ಟ್ಯಾಂಕಿನ ಅಥವಾ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ. ಆ ಒತ್ತಡದಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಮುಚ್ಚಳ ಸಡಿಲಿಸಿದರೆ ಒಮ್ಮೆಗೇ ಕುದ್ದು ಮುಖಕ್ಕೆ ಎರಚುತ್ತದೆ.

ಕಡಿಮೆ ಇದ್ದರೆ ತುಂಬಿಸಿ, ಸರಿ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪೆಟ್ರೋಲಿನ ಹಾಗೆ ಕೂಲಂಟ್ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಅದೇ ಸುತ್ತುತ್ತಿರುತ್ತದೆ. ಪದೇ ಪದೇ ಇಳಿಯುತ್ತಿದೆ ಅಂದರೆ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ. ಮಟ್ಟದ ನೇರಕ್ಕೆ ಟ್ಯಾಂಕಿನ ಮೇಲೆ ಸಣ್ಣ ಟೇಪ್ ಅಂಟಿಸಿ ತಾರೀಖು ಬರೆದಿಡಿ. ಹದಿನೈದು ದಿನ ಬಿಟ್ಟು, ಅದೇ ಜಾಗದಲ್ಲಿ, ಬೆಳಗ್ಗೆಯೇ ಮತ್ತೆ ನೋಡಿ. ನನ್ನ ಕೇಳಿದರೆ ಸರ್ವಿಸ್ ಬಿಲ್ಲಿಗಿಂತ ಈ ಟೇಪನ್ನೇ ಜಾಸ್ತಿ ನಂಬಬಹುದು.

ಇಳಿದಿದ್ದರೆ ಮೊದಲು ಹೋಸ್ ಪೈಪುಗಳ ತುದಿ ನೋಡಿ. ಕ್ಲಾಂಪ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೋರಿಕೆ ಅಲ್ಲೇ. ರೇಡಿಯೇಟರಿನ ಕೆಳಭಾಗ, ವಾಟರ್ ಪಂಪ್ ಸುತ್ತಮುತ್ತವೂ ಒಮ್ಮೆ ಕಣ್ಣಾಡಿಸಿ. ಮುಂದಿನ ಸೀಟಿನ ಕೆಳಗಿನ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆ ಇಲ್ಲ, ಆದರೂ ಇಳಿಯುತ್ತಿದೆಯೇ? ಸೈಲೆನ್ಸರಿನಿಂದ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಅಂಥ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ.

ಚಳಿಗೆ ನೀರು ಹೆಪ್ಪುಗಟ್ಟದಿರಲಿ ಅಂತ ಮಾತ್ರ ಕೂಲಂಟ್ ಬೇಕು ಅಂದುಕೊಂಡು 'ಪುಣೆಯಲ್ಲೇನು ಹಿಮ ಬೀಳುತ್ತಾ, ನೀರೇ ಸಾಕಲ್ವಾ' ಅನ್ನುವವರಿದ್ದಾರೆ. ಸಾಲದು. ಕೂಲಂಟಿನಲ್ಲಿರುವ ಗ್ಲೈಕಾಲ್ ಕುದಿಯುವ ಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ, ಜೊತೆಗಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಸೊಸೈಟಿಗೆ ಬರುವ ಟ್ಯಾಂಕರ್ ನೀರಿನಿಂದ ಬಕೆಟ್ ಅಂಚಿಗೆ ಬಿಳಿ ಕರೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದೇ ಕಟ್ಟುತ್ತದೆ. ಕಾನ್ಸಂಟ್ರೇಟ್ ತಂದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ರೆಡಿ ಮಿಕ್ಸ್ ಆದರೆ ಒಂದು ಹನಿಯೂ ಬೇಡ.

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಗುಲಾಬಿ, ನೀಲಿ ಎಲ್ಲವೂ ಕಂಪನಿಯವರ ಇಷ್ಟ. ಕಾರಿನ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಾಕಿ, ಬೇರೆ ಜಾತಿಯದನ್ನು ಬೆರೆಸಬೇಡಿ. ಎಷ್ಟು ವರ್ಷಕ್ಕೆ ಬದಲಿಸಬೇಕು ಅನ್ನುವುದೂ ಅಲ್ಲೇ ಇದೆ. ಅವಧಿಗೆ ಮೊದಲೇ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾಯಬೇಡಿ. ಬದಲಿಸುವಾಗ ಒಳಗಿನ ಗಾಳಿ ಪೂರ್ತಿ ತೆಗೆಯಬೇಕು, ಹಾಗಾಗಿ ಅದು ಗ್ಯಾರೇಜಿನ ಕೆಲಸ. ಚೆಲ್ಲಿದ್ದನ್ನು ತಕ್ಷಣ ತೊಳೆದು ಒರೆಸಿ. ಸಿಹಿ ಅಂತ ಪಾರ್ಕಿಂಗಿನ ನಾಯಿ, ಬೆಕ್ಕು ನೆಕ್ಕುತ್ತವೆ. ಎಥಿಲೀನ್ ಗ್ಲೈಕಾಲ್ ವಿಷ, ಕಿಡ್ನಿಯನ್ನೇ ಕೆಡಿಸುತ್ತದೆ.

ಇಷ್ಟಾದರೂ ಘಾಟಿನಲ್ಲಿ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ. ಸೆಕೆ ತಡೆದುಕೊಳ್ಳಿ, ಎಂಜಿನ್ನಿನ ಶಾಖ ಸ್ವಲ್ಪ ಆ ದಾರಿಯಲ್ಲಿ ಹೊರಬರುತ್ತದೆ. ಕೆಂಪು ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ತಣ್ಣಗಾದದ್ದು ಖಚಿತವಾದ ಮೇಲೆ ಮುಚ್ಚಳಕ್ಕೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತೆಗೆಯಿರಿ. ಕೈಯಲ್ಲಿ ಕೂಲಂಟ್ ಇಲ್ಲದಿದ್ದರೆ ಕುಡಿಯುವ ನೀರಾದರೂ ನಡೆಯುತ್ತದೆ, ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ಹಾಕಿದ ನೀರು ಹಾಕಿದಂತೆ ಕೆಳಗೆ ಸುರಿಯುತ್ತಿದ್ದರೆ ಟೋಯಿಂಗ್ ಗಾಡಿಗೆ ಫೋನ್ ಮಾಡಿ.