ಪಕ್ಷದೊಳಗೆ ತಕರಾರು ಎತ್ತುವುದು ಹೇಗೆ?

ಬೇರೆ ಬೇರೆ ಧರ್ಮ, ಭಾಷೆ, ಕಸುಬು, ವಯಸ್ಸಿನವರು ಸೇರಿ ಕಟ್ಟಿದ ಪಕ್ಷದಲ್ಲಿ ಒಂದೂ ತಕರಾರು ಕೇಳಿಸುತ್ತಿಲ್ಲ ಅಂದರೆ ಯಾರೋ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಅಂತಲೇ ಅರ್ಥ. ಆ ಸಿಟ್ಟು ಹೊರಗೆ ಬರುವುದು ಸರಿಯಾಗಿ ಚುನಾವಣೆ ಹೊತ್ತಿಗೆ. ಹಾಗಾಗಿ ಮಾತಾಡಿ. ತೀರ್ಮಾನ ಆಗುವ ಮೊದಲೇ, ಸಭೆಯಲ್ಲೇ, ಯಾರು ತೀರ್ಮಾನ ಮಾಡುತ್ತಾರೋ ಅವರ ಎದುರಿಗೇ ಮಾತಾಡಿ. ಸಭೆಯಲ್ಲಿ ಸುಮ್ನೆ ಕೂತು, ಆಮೇಲೆ ಪತ್ರಕರ್ತರಿಗೆ ಫೋನ್ ಮಾಡುವುದು ಟೀಕೆ ಅಲ್ಲ, ಬೆನ್ನಿಗೆ ಚೂರಿ.

ಮಾತಿನ ರೀತಿಯೂ ಮುಖ್ಯ. "ಈ ಪಕ್ಷಕ್ಕೆ ನಮ್ಮವರೇ ಬೇಡ" ಅಂದರೆ ಕೇಳಿದವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ, ವಿಷಯ ಅಲ್ಲೇ ಸತ್ತುಹೋಗುತ್ತದೆ. ಅದರ ಬದಲು ಹೀಗೆ ಹೇಳಿ ನೋಡಿ: "ಪ್ರಚಾರ ಸಮಿತಿಯಲ್ಲಿ ಹನ್ನೊಂದು ಜನ ಇದ್ದೀರಿ, ಹೆಂಗಸರು ಒಬ್ಬರೇ. ಮನೆಮನೆಗೆ ಹೋಗುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಮುಂದಿನ ಸಭೆಗೆ ಮೂರು ಹೆಸರು ನಾನೇ ತರುತ್ತೇನೆ, ಚರ್ಚೆ ಮಾಡೋಣ." ಇದರಲ್ಲಿ ಲೆಕ್ಕ ಇದೆ, ದಾರಿ ಇದೆ, ನಿಮ್ಮ ಪಾಲಿನ ಕೆಲಸವೂ ಇದೆ. ಯಾರ ನಿಷ್ಠೆಯನ್ನೂ ಪ್ರಶ್ನೆ ಮಾಡಿಲ್ಲ.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಲ್ಲಿ 2018ರಲ್ಲಿ ಏನಾಯಿತು ನೋಡಿ. ಎದುರಾಳಿ ಪಕ್ಷದ ಚಾನ್ಸಲರ್ (ಸರ್ಕಾರದ ಮುಖ್ಯಸ್ಥೆ) ಆಂಗೆಲಾ ಮರ್ಕೆಲ್ ಜೊತೆ ಮತ್ತೆ ಸರ್ಕಾರ ಮಾಡಬೇಕೋ ಬೇಡವೋ ಅಂತ ಪಕ್ಷ ತನ್ನ 4.6 ಲಕ್ಷ ಸದಸ್ಯರನ್ನೇ ಕೇಳಿತು. ಯುವ ಘಟಕದ ಅಧ್ಯಕ್ಷ ಕೆವಿನ್ ಕ್ಯೂನೆರ್ಟ್ ನಾಯಕತ್ವದ ವಿರುದ್ಧ ಬಹಿರಂಗವಾಗಿಯೇ "ಬೇಡ" ಅಂತ ಪ್ರಚಾರ ಮಾಡಿದರು, ಸೋತರು. ಮತ ಹಾಕಿದವರಲ್ಲಿ ಶೇ. 66ರಷ್ಟು ಜನ "ಬೇಕು" ಅಂದಿದ್ದರು. ಸೋತ ಕ್ಯೂನೆರ್ಟ್ ಪಕ್ಷ ಬಿಡಲಿಲ್ಲ, ಟೀಕೆಯನ್ನೂ ಬಿಡಲಿಲ್ಲ. ಪಕ್ಷವೂ ಅವರನ್ನು ಮೂಲೆಗೆ ತಳ್ಳಲಿಲ್ಲ. 2019ರಲ್ಲಿ ಉಪಾಧ್ಯಕ್ಷರಾದರು, 2021ರಲ್ಲಿ ಪ್ರಧಾನ ಕಾರ್ಯದರ್ಶಿ.

ಇದಕ್ಕೆ ತದ್ವಿರುದ್ಧ ಉದಾಹರಣೆ ರಷ್ಯಾದ್ದು. 1921ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಪಕ್ಷ ಒಗ್ಗಟ್ಟಿನ ಹೆಸರಲ್ಲಿ ಒಳಗಿನ ಬಣಗಳನ್ನೇ ನಿಷೇಧಿಸಿತು. ಅದು ಅಂತರ್ಯುದ್ಧದ ಕಷ್ಟದ ಕಾಲ, ನಿಜ. ಆದರೆ ಮುಂದೆ ಅದೇ ನಿಯಮ ಸ್ಟಾಲಿನ್ ಕೈಗೆ ಸಿಕ್ಕಿ, ಭಿನ್ನ ದನಿ ಎತ್ತಿದವರನ್ನೆಲ್ಲ ಹೊರದಬ್ಬುವ ಅಸ್ತ್ರವಾಯಿತು. ಒಗ್ಗಟ್ಟು ಅಂತ ಹೇಳಿ ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಭಯ ಆಗುವುದು ಇದಕ್ಕೇ.

ಸೋತ ಮೇಲೆ ಏನು ಮಾಡಬೇಕು? ಕಷ್ಟ ಇರುವುದು ಇಲ್ಲೇ. ತೀರ್ಮಾನ ಆದಮೇಲೆ ಕೆಲಸಕ್ಕೆ ಕೈಜೋಡಿಸಿ, ಅಡ್ಡಗಾಲು ಹಾಕಬೇಡಿ. ಹಾಗಂತ ಅಭಿಪ್ರಾಯ ಬದಲಿಸಬೇಕಾಗಿಲ್ಲ. ನಿಮ್ಮ ವಿರೋಧವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ವಿಷಯವನ್ನು ಮತ್ತೆ ಯಾವಾಗ ಚರ್ಚೆಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿ. ಒಂದು ಸಮುದಾಯದ ಘನತೆ, ಹಕ್ಕಿನ ಪ್ರಶ್ನೆ ಆಗಿದ್ದರೆ ಮಾತ್ರ ಲೆಕ್ಕ ಬೇರೆ: ಅಲ್ಲಿ ಬಹುಮತ ಬಂತು ಅಂತ ತಲೆಬಾಗಬೇಕಾಗಿಲ್ಲ.

ಅಧ್ಯಕ್ಷರ ಕುರ್ಚಿಯಲ್ಲಿ ಕೂತವರಿಗೂ ಒಂದು ಮಾತು. ಹೊಸಬರು, ಸಣ್ಣ ಗುಂಪಿನವರು ಮೊದಲು ಮಾತಾಡಲಿ, ನೀವು ಕೊನೆಗೆ ಮಾತಾಡಿ. ನೀವೇ ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಅರ್ಧ ಜನ ತಮ್ಮ ಮಾತು ನುಂಗಿಕೊಳ್ಳುತ್ತಾರೆ, ಅಲ್ವಾ? ಬಂದ ದೂರನ್ನು ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಅಂತ ದೂರು ಕೊಟ್ಟವರಿಗೆ ಮುಖಕೊಟ್ಟು ತಿಳಿಸಿ, ಮತ್ತು ಟಿಕೆಟ್ ಹಂಚುವಾಗ ಆ ದೂರಿನ ಸೇಡು ತೀರಿಸಿಕೊಳ್ಳಬೇಡಿ.