ಐಸಿಯು ಬಿಡಬ್ಯಾಡ್ರಿ, ಕಂಪ್ಯೂಟರೂ ಹಿಡೀರಿ: ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್‌ಗೆ ಹೋಗೂ ದಾರಿ

ನೀವು ಐಸಿಯು ಸಿಸ್ಟರ್ ಇರ್ರಿ, ವಾರ್ಡಿನ ಬ್ರದರ್ ಇರ್ರಿ, ಇವತ್ತ ನೈಟ್ ಡ್ಯೂಟಿಗೆ ಹೋದಾಗ ಒಂದ್ ಕೆಲಸ ಮಾಡ್ರಿ. ಹಳೇ ಟಿಪಿಆರ್ ಚಾರ್ಟ್ (ಜ್ವರ, ಪಲ್ಸು, ಉಸಿರು ಬರಿಯೂ ಹಾಳಿ) ಒಂದ್ ಹತ್ತು ತಗೊಂಡು ಬರೇ ರೆಸ್ಪಿರೇಶನ್ ಕಾಲಂ ಓದ್ಕೊಂತ ಹೋಗ್ರಿ. 20, 20, 18, 20, 20, 20. ನ್ಯುಮೋನಿಯಾ ಇದ್ದವಂಗೂ 20, ಹರ್ನಿಯಾ ಆಪರೇಶನ್ ಆದವಂಗೂ 20. ಯಾಕಂತ ನಿಮಗೂ ಗೊತ್ತೈತಿ ನನಗೂ ಗೊತ್ತೈತಿ, ಪಲ್ಸು ಸ್ಯಾಚುರೇಶನ್ನು ಮಷಿನ್ ತೋರಿಸ್ತೈತಿ, ಉಸಿರು ಮಾತ್ರ ಒಂದ್ ನಿಮಿಷ ನಿಂತು ಎದಿ ನೋಡಿ ಎಣಿಸಬೇಕು, 30 ಪೇಷಂಟಿಗೆ ಇಬ್ಬರ ಇದ್ದಾಗ ಆ ಒಂದ್ ನಿಮಿಷ ಎಲ್ಲಿಂದ ತರೂದ್ರಿ.

ಈಗ ಇದ ಚಾರ್ಟ್ ಕಂಪ್ಯೂಟರಿನ್ಯಾಗ ಬಂತು ಅಂತ ತಿಳೀರಿ. ಪೇಷಂಟ್ ಸೀರಿಯಸ್ ಆಗಾಕತ್ತಾನ ಅಂತ ಮೊದಲ ಎಚ್ಚರಸೂ ನ್ಯೂಸ್-2 ಅಂತ ಒಂದ್ ಸ್ಕೋರ್ ಐತಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ದವರು 2012ರಾಗ ಮಾಡಿ 2017ರಾಗ ತಿದ್ದಿದ್ದು. ಉಸಿರು 12ರಿಂದ 20 ಇದ್ರ 0, 21ರಿಂದ 24 ಇದ್ರ 2, 25 ಇಲ್ಲಾ ಅದಕ್ಕಿಂತ ಹೆಚ್ಚಿದ್ರ 3. ಒಂದ ಕಾಲಂನ್ಯಾಗ 3 ಬಂದ್ರೂ ಡಾಕ್ಟರ್ ಬಂದು ನೋಡಬೇಕು, ಒಟ್ಟು 5 ಆದ್ರ ಅರ್ಜಂಟ್, 7 ಆದ್ರ ಎಮರ್ಜೆನ್ಸಿ. ಪೇಷಂಟ್ ಖರೇ 26 ಉಸಿರು ಹಾಕಾಕತ್ತಾನ, ನಾವು 20 ಹೊಡದೀವಿ, ಸ್ಕೋರ್ ಸೊನ್ನೆ, ಸಾಫ್ಟ್‌ವೇರ್ ಸುಮ್ಮನ ಕುಂತೈತಿ. ಸಾಫ್ಟ್‌ವೇರ್ ಬರದ ಹುಡುಗ ಡಾಟಾ ನೋಡಿ "ಒಂದೂ ಖಾಲಿ ಇಲ್ಲ ಮೇಡಂ, ಭಾಳ ಕ್ಲೀನ್ ಐತಿ" ಅಂತಾನ. ನೀವು ನೋಡಿದ್ರ ಎರಡ್ ಸೆಕೆಂಡಿನ್ಯಾಗ ಹಿಡೀತೀರಿ, ಇದು ಯಾರೂ ಎಣಿಸಿಲ್ಲ ಅಂತ. ಈ ಹಿಡಿಯೂ ಕಣ್ಣಿಗ ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಅಂತಾರ್ರಿ, ಉಳಿದದ್ದೆಲ್ಲಾ ಕಲತ್ರ ಬರ್ತೈತಿ.

ಡಾಟಾ ಎಂಟ್ರಿ ಕೆಲಸಲ್ಲ ಇದು, ನರ್ಸಿನ ತಿಳುವಳಿಕಿ ಹಿಡ್ಕೊಂಡು ದವಾಖಾನಿಯ ಡಾಟಾ, ಸಾಫ್ಟ್‌ವೇರ್ ಸರಿ ಮಾಡೂ ಕೆಲಸ. ನಮ್ಮವ್ವ ಇನ್ನೂ ಕೇಳ್ತಾಳ, "ನರ್ಸ್ ಓದಿ ಕಂಪ್ಯೂಟರ್ ಆಪರೇಟರ್ ಆದ್ಯೇನ ತಂಗಿ" ಅಂತ, ಆಕಿಗೆ ಹೇಳಿ ಹೇಳಿ ನನಗ ಸಾಕಾಗೈತಿ. ಅಮೆರಿಕಾದಾಗ ನರ್ಸುಗಳ ಸಂಘ ಇದನ್ನ 1992ರಾಗ ಬ್ಯಾರೇ ಸ್ಪೆಷಾಲಿಟಿ ಅಂತ ಒಪ್ಪಿತು. ನಮ್ಮಲ್ಲೆ ಈಗ ಬಾಗಿಲ ತಗದೈತಿ, ಇಂಡಿಯನ್ ನರ್ಸಿಂಗ್ ಕೌನ್ಸಿಲಿನ 2021ರ ಬಿಎಸ್ಸಿ ಸಿಲಬಸ್ಸಿನ್ಯಾಗ 2ನೇ ಸೆಮಿಸ್ಟರಿಗೇ ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಪೇಪರ್ ಇಟ್ಟಾರ. ನಮ್ಮ ಬ್ಯಾಚಿನವ್ರಿಗೆ ಅದೆಲ್ಲಾ ಇರಲಿಲ್ಲ, ಎಮ್ಮೆಸ್ ವರ್ಡ್ ತಗದು ಮುಚ್ಚೂದು ಕಲಿಸಿ ಕಳಿಸಿದ್ರು.

ನನ್ನ ಮೊದಲ ಮಾತು, ಮತ್ತ ಇದರಾಗ ನಾ ಹಟಾ ಮಾಡ್ತೀನಿ: ಪಾಸಾದ ಕೂಡ್ಲೇ ಕಂಪ್ಯೂಟರ್ ಕಡೆ ಓಡಬ್ಯಾಡ್ರಿ. ಕಡಿಮಿ ಅಂದ್ರ ಎರಡ್ ಮೂರ್ ವರ್ಷ ಐಸಿಯು, ಕ್ಯಾಶುವಾಲ್ಟಿ, ಡಯಾಲಿಸಿಸ್ ಎಲ್ಲೆರ ಗಟ್ಟಿಯಾಗಿ ನಿಂದರ್ರಿ. ಮುಂದ ಓದಾಕ ಮೂರ್ ದಾರಿ ಅದಾವ. ಒಂದು, 1 ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ, ಕ್ರಿಟಿಕಲ್ ಕೇರಿನ್ಯಾಗ, ಇದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವ್ರಿಗೂ ಸಿಗ್ತೈತಿ. ಎರಡು, ಎಮ್ಮೆಸ್ಸಿ ನರ್ಸಿಂಗ್, 2 ವರ್ಷ, ಬಿಎಸ್ಸಿಯೊಳಗ 55 ಪರ್ಸೆಂಟ್ ಮತ್ತ 1 ವರ್ಷ ಅನುಭವ ಬೇಕು. ಮೂರನೇದು ನರ್ಸ್ ಪ್ರ್ಯಾಕ್ಟಿಶನರ್ ಇನ್ ಕ್ರಿಟಿಕಲ್ ಕೇರ್, 2 ವರ್ಷದ ರೆಸಿಡೆನ್ಸಿ, ಕ್ಲಾಸಿಗಿಂತ ಬೆಡ್ಡಿನ ಹತ್ರನ ಹೆಚ್ಚು ಇರ್ತೀರಿ, ನಮ್ಮ ಕೆಲಸಕ್ಕ ಇದ ಎಲ್ಲಾಕಿಂತ ಛಲೋ ಅನ್ನೂದು ನನ್ನ ಅಭಿಪ್ರಾಯ. ಬೆಳಗಾವಿಯೊಳಗ ಕೆಎಲ್ಇ, ಬಿಮ್ಸ್, ವಿಜಯಪುರದಾಗ ಬಿಎಲ್‌ಡಿಇ, ಬಾಗಲಕೋಟಿಯೊಳಗ ನಿಜಲಿಂಗಪ್ಪ ಮೆಡಿಕಲ್ ಕಾಲೇಜ್, ಇಷ್ಟ ದೊಡ್ಡ ದವಾಖಾನಿ ನಮ್ಮ ಕಡೆನ ಇರೂವಾಗ ಕ್ಲಿನಿಕಲ್ ಕಲಿಯಾಕ ಬೆಂಗಳೂರಿಗೇ ಹೋಗಬೇಕಂತ ಏನಿಲ್ಲ. ಯಾವ ಕೋರ್ಸ್ ಈ ವರ್ಷ ಎಲ್ಲೆ ನಡದೈತಿ ಅನ್ನೂದು ಮಾತ್ರ ಕಾಲೇಜಿಗೆ ಹೋಗಿ ಕೇಳಿ, ಕೌನ್ಸಿಲ್ ಮಾನ್ಯತಾ ಪತ್ರ ಕಣ್ಣಲೆ ನೋಡಿನ ರೊಕ್ಕ ಕಟ್ರಿ.

ಕ್ಲಿನಿಕಲ್ ಯಾಕ ಮೊದಲು ಅಂದ್ರ ಒಂದ್ ಉದಾಹರಣಿ ಹೇಳ್ತೀನಿ. ಬಿಪಿ ಏರಸೂ ಔಷಧ ನಾರ್‌ಅಡ್ರಿನಲಿನ್ ನಾವು ಸಿರಿಂಜ್ ಪಂಪಿನ್ಯಾಗ ಹಾಕ್ತೀವಿ, 4 ಮಿಲಿಗ್ರಾಂ 50 ಎಂಎಲ್‌ಗೆ. ಅಂದ್ರ ಒಂದ್ ಎಂಎಲ್‌ಗೆ 80 ಮೈಕ್ರೋಗ್ರಾಂ ಆತು. ಸಿಸ್ಟರ್ ಹ್ಯಾಂಡ್‌ಓವರ್ ಕೊಡೂವಾಗ "ನಾರ್‌ಅಡ್ 5ಕ್ಕ ಹೊಂಟೈತಿ" ಅಂತಾಳ, ಅದು ತಾಸಿಗೆ 5 ಎಂಎಲ್. ಡಾಕ್ಟರ್ ಕೇಳೂದು ಕೆಜಿಗೆ ನಿಮಿಷಕ್ಕ ಎಷ್ಟು ಮೈಕ್ರೋ ಅಂತ. 60 ಕೆಜಿ ಪೇಷಂಟಿಗೆ ಲೆಕ್ಕಾ ಮಾಡಿದ್ರ 0.11 ಬರ್ತೈತಿ. ಈಗ ಸಾಫ್ಟ್‌ವೇರಿನ್ಯಾಗ ಬರೇ "ಡೋಸ್" ಅಂತ ಒಂದ್ ಡಬ್ಬಿ ಕೊಟ್ಟು, ಯೂನಿಟ್ ಕೊಡದ ಬಿಟ್ರ ಏನಾಗ್ತೈತಿ? ಒಬ್ಬಾಕಿ 5 ಬರೀತಾಳ, ಇನ್ನೊಬ್ಬಾಕಿ 0.11 ಬರೀತಾಳ, ಇಬ್ಬರೂ ಖರೇನ ಬರದಾರ, ಗ್ರಾಫ್ ಮಾತ್ರ ಹುಚ್ಚ ಹಿಡದಂಗ ಏರತೈತಿ ಇಳೀತೈತಿ. ಮತ್ತ ಯಾರರ ಡಬಲ್ ಸ್ಟ್ರೆಂತ್ ಬೆರಸಿದ್ರಂತೂ, 8 ಮಿಲಿಗ್ರಾಂ 50ಕ್ಕ, ಅದ 5 ಎಂಎಲ್ ಅಂದ್ರ ಡಬಲ್ ಡೋಸ್. ಹಿಂಗಾಗಿ ಆ ಸ್ಕ್ರೀನಿನ್ಯಾಗ ನಾಕ್ ಡಬ್ಬಿ ಬೇಕು: ಎಷ್ಟು ಔಷಧ, ಎಷ್ಟು ವಾಲ್ಯೂಮ್, ಪೇಷಂಟಿನ ತೂಕ, ಪಂಪಿನ ರೇಟ್, ಡೋಸ್ ಮಷಿನ್ನ ಲೆಕ್ಕಾ ಹಾಕಬೇಕು. ಇದನ್ನ ಹೇಳಾಕ ಕೋಡಿಂಗ್ ಬೇಕಾಗಿಲ್ರಿ, ಪಂಪಿನ ಮುಂದ ರಾತ್ರಿ ಮೂರಕ್ಕ ನಿಂತಿರಬೇಕು.

ಇನ್ನ ಕಂಪ್ಯೂಟರ್ ಕಲಿಯೂದು. ಮೊದಲ ಎಕ್ಸೆಲ್, ಮತ್ತ ಎಕ್ಸೆಲ್, ನಗಬ್ಯಾಡ್ರಿ. ನಿಮ್ಮ ಐಸಿಯುದ ಒಂದ್ ಸಣ್ಣ ಪ್ರಶ್ನಿ ಹಿಡೀರಿ, ಬೆಡ್‌ಸೋರ್ ಎಷ್ಟನೇ ದಿನಕ್ಕ ಬರ್ತಾವ, ಇಲ್ಲಾ ಮೊದಲನೇ ಆಂಟಿಬಯೋಟಿಕ್ ಆರ್ಡರ್ ಬರದ ಮ್ಯಾಲ ಪೇಷಂಟಿಗೆ ಹೋಗಾಕ ಎಷ್ಟು ನಿಮಿಷ ಹಿಡೀತೈತಿ. ಎರಡ್ ತಿಂಗಳ ದಿನಕ್ಕ ಹತ್ತು ನಿಮಿಷ ಕುಂತು ಬರೀರಿ, ಪಿವಟ್ ಟೇಬಲ್ (ಲೆಕ್ಕಾ ಒಟ್ಟು ಮಾಡಿ ತೋರಸೂ ಎಕ್ಸೆಲ್ ಪಟ್ಟಿ) ಮಾಡ್ರಿ, ಒಂದ ಗ್ರಾಫ್ ತಗದು ಎನ್‌ಎಸ್ (ನರ್ಸಿಂಗ್ ಸೂಪರಿಂಟೆಂಡೆಂಟ್) ಮೇಡಂ ಮುಂದ ಇಡ್ರಿ. ಆದ್ರ ಚಾಲೂ ಮಾಡೂಕಿಂತ ಮೊದಲ ಪರ್ಮಿಶನ್ ತಗೋರಿ, ಪೇಷಂಟಿನ ಹೆಸರು ಫೋನ್ ನಂಬರ್ ತಗದು ಬರೇ ಸೀರಿಯಲ್ ನಂಬರ್ ಇಡ್ರಿ, ಫೈಲ್ ದವಾಖಾನಿ ಕಂಪ್ಯೂಟರಿನ್ಯಾಗ ಇರಲಿ. ಕೇಸ್ ಶೀಟ್ ಫೋಟೋ ಹೊಡದು ವಾಟ್ಸಾಪ್ ಗ್ರೂಪಿಗೆ ಹಾಕೂ ಚಟಾ ನಮಗೆಲ್ಲಾರಿಗೂ ಐತಿ, ಅದನ್ನ ಇವತ್ತ ಬಿಡ್ರಿ, 2023ರಾಗ ಡಿಜಿಟಲ್ ಪರ್ಸನಲ್ ಡಾಟಾ ಪ್ರೊಟೆಕ್ಷನ್ ಕಾಯ್ದೆನ ಬಂದೈತಿ.

ಎಕ್ಸೆಲ್ ಕೈಗೆ ಹತ್ತಿದ ಮ್ಯಾಲ ಎಸ್‌ಕ್ಯೂಎಲ್, ಅಂದ್ರ ಡಾಟಾಬೇಸಿನಿಂದ ಬೇಕಾದ್ದು ಹುಡುಕಿ ತಗಿಯೂ ಭಾಷೆ, ದಿನಾ ಅರ್ಧಾ ತಾಸು ಕುಂತ್ರ ಮೂರ್ ತಿಂಗಳಿನ್ಯಾಗ ಕೆಲಸಕ್ಕ ಬರೂವಷ್ಟು ಬರ್ತೈತಿ. ಕೈಯಾಡಸಾಕ ಖರೇ ಆಸ್ಪತ್ರೆ ಸಾಫ್ಟ್‌ವೇರ್ ಬೇಕಂದ್ರ ಓಪನ್‌ಎಂಆರ್‌ಎಸ್, ಬಾಹ್ಮ್ನಿ ಎರಡೂ ಫುಕಟ್ ಅದಾವ. ಬಾಹ್ಮ್ನಿ ನಮ್ಮ ದೇಶದ್ದ, ಛತ್ತೀಸಗಡದ ಗನಿಯಾರಿ ಅನ್ನೂ ಹಳ್ಳಿ ದವಾಖಾನಿಗೆ ಅಂತ ಕಟ್ಟಾಕ ಚಾಲೂ ಮಾಡಿದ್ದು. ಅದರಾಗ ಸುಳ್ಳ ಪೇಷಂಟ್ ಮಾಡಿ, ಅಡ್ಮಿಟ್ ಮಾಡಿ, ವೈಟಲ್ಸ್ ಹಾಕಿ, ಡಿಸ್ಚಾರ್ಜ್ ತನಕ ಒಯ್ದು ನೋಡ್ರಿ, ಎಲ್ಲೆಲ್ಲೆ ನಿಮಗ ಸಿಟ್ಟ ಬರ್ತೈತಿ ಬರದಿಡ್ರಿ, ಇಂಟರ್ವ್ಯೂದಾಗ ಆ ಸಿಟ್ಟಿನ ಲಿಸ್ಟ್ ಭಾಳ ಕೆಲಸಕ್ಕ ಬರ್ತೈತಿ. ಸ್ನೋಮೆಡ್ ಸಿಟಿ, ಲೋಯಿಂಕ್, ಐಸಿಡಿ-10, ಎಚ್ಎಲ್7 ಫೈರ್ ಅನ್ನೂ ಹೆಸರು ಕೇಳಿ ಹೆದರಬ್ಯಾಡ್ರಿ, ಮೊದಲಿನ ಮೂರು ರೋಗಕ್ಕ, ಟೆಸ್ಟಿಗೆ ನಂಬರ್ ಕೊಡೂ ಪದ್ಧತಿ, ಕಡೀದು ಒಂದ್ ಕಂಪ್ಯೂಟರ್ ಇನ್ನೊಂದಕ್ಕ ಮಾತಾಡೂ ಭಾಷೆ. ಸ್ನೋಮೆಡ್ ನಮ್ಮ ದೇಶದಾಗ ಪುಕ್ಕಟೆ, ಪುಣೆ ಸಿಡ್ಯಾಕ್‌ನವ್ರು ನೋಡ್ಕೊಂತಾರ.

ಆಭಾ ಕಾರ್ಡ್ ಗೊತ್ತಿರಬೇಕಲ್ಲ, ಆರೋಗ್ಯದ ದಾಖಲೆ ಜೋಡಸೂ ಸರ್ಕಾರದ 14 ಅಂಕಿ ನಂಬರಿಂದು, ಅದರ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ಕ್ಕ ಇಡೀ ದೇಶಕ್ಕ ಚಾಲೂ ಆತು. ಅದರಾಗ ನರ್ಸುಗಳಿಗೂ ಎಚ್‌ಪಿಆರ್ (ಆರೋಗ್ಯ ಸಿಬ್ಬಂದಿ ಹೆಸರು ಹಚ್ಚೂ) ರಿಜಿಸ್ಟ್ರಿ ಐತಿ, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ನಂಬರ್ ಹಿಡ್ಕೊಂಡು ನಿಮ್ಮ ಹೆಸರು ಮೊದಲ ಹಚ್ಚಿಸ್ರಿ. ನಮ್ಮ ಕಡೆ ಈ ಕೆಲಸದಾಗ ಖರೇ ತಲಿನೋವು ಯಾವುದ್ ಗೊತ್ತೇನ್ರಿ, ಹೆಸರು. ಯಲ್ಲವ್ವ ಅಂತ ಒಬ್ಬಾಕಿ ಅಜ್ಜಿ ಸವದತ್ತಿ ಕಡಿಂದ ಬರ್ತಾಳ. ಇಂಗ್ಲಿಷಿನ್ಯಾಗ ಬರಿಯೂವಾಗ ಕೌಂಟರಿನ ಒಬ್ಬ ವೈ ಆದ ಮ್ಯಾಲ ಎ ಹಾಕ್ತಾನ, ಇನ್ನೊಬ್ಬ ಇ ಹಾಕ್ತಾನ, ಒಬ್ಬಂದು ವಿ, ಮರಾಠಿ ಸಾಲಿ ಕಲತವಂದು ಡಬ್ಲ್ಯೂ. ಅಡ್ಡಹೆಸರು ಒಮ್ಮೆ ಗಂಡನ ಮನಿದು, ಒಮ್ಮೆ ತೌರಮನಿದು. ವಯಸ್ಸ ಕೇಳಿದ್ರ "ಅರವತ್ತೋ ಎಪ್ಪತ್ತೋ ಬರಕೋ ತಮ್ಮಾ" ಅಂತಾಳ. ಒಂದ ಅಜ್ಜಿಗೆ ಮೂರ್ ನಂಬರ್ ಆತು, ಪೆನಿಸಿಲಿನ್ ಅಲರ್ಜಿ ಬರದದ್ದು ಮೊದಲನೇ ನಂಬರಿನ್ಯಾಗ, ಅಡ್ಮಿಟ್ ಆಗಿದ್ದು ಮೂರನೇದ್ರಾಗ. ಇದಕ್ಕ ನಾವು ಮಾಡಿದ್ದು ಇಷ್ಟ: ಹೊಸ ನಂಬರ್ ಕೊಡೂಕಿಂತ ಮೊದಲ ಫೋನ್ ನಂಬರ್ ಮತ್ತ ಊರ ಹೆಸರಿನ ಮ್ಯಾಲ ಹುಡುಕೂದು ಕಡ್ಡಾಯ, ಆಭಾ ಇದ್ರ ಅದರ ಮ್ಯಾಲ, ಮತ್ತ "ಮೊದಲ ಯಾವಾಗರ ಇಲ್ಲೆ ಬಂದಿದ್ರೇನವ್ವಾ" ಅಂತ ಬಾಯಿಲೆ ಕೇಳೂದು. ಈ ಬಾಯಿಲೆ ಕೇಳೂದ ಹೆಚ್ಚು ಡಬಲ್ ಹಿಡದೈತಿ.

ಒಂದ್ ತಪ್ಪು ನಂದೂ ಹೇಳಿಬಿಡ್ತೀನಿ. ನಾ ಮೊದಲಿದ್ದ ಒಂದ್ ದವಾಖಾನಿಯೊಳಗ ಹೊಸ ಸಾಫ್ಟ್‌ವೇರ್ ಚಾಲೂ ಆದ ವಾರನ, ರಾತ್ರಿ ಎರಡಕ್ಕ ಸರ್ವರ್ ಡೌನ್ ಆತು. ಪೇಪರ್ ಚಾರ್ಟ್ ಎಲ್ಲಾ ಸ್ಟೋರಿಗೆ ಕಳಿಸಿ ಆಗಿತ್ತು, ಕಳಿಸಿದ್ದು ನಾನ, ಭಾಳ ಉತ್ಸಾಹದಲೆ. ಎರಡೂವರಿ ತಾಸು ಯಾರಿಗೆ ಇನ್ಸುಲಿನ್ ಆಗೈತಿ ಯಾರಿಗಿಲ್ಲ ಅಂತ ಕೈ ಮ್ಯಾಲ, ಟಿಶ್ಯೂ ಪೇಪರಿನ ಮ್ಯಾಲ ಬರಕೊಂಡ್ವಿ. ದೇವರ ದೊಡ್ಡವ, ಯಾರಿಗೂ ಏನೂ ಆಗಲಿಲ್ಲ. ಅವತ್ತಿಂದ ನನ್ನ ಪದ್ಧತಿ ಅಂದ್ರ ಪ್ರತಿ ವಾರ್ಡಿನ್ಯಾಗ ಒಂದ್ ಕೆಂಪು ಫೈಲ್, ಅದರಾಗ ಖಾಲಿ ಮೆಡಿಸಿನ್ ಚಾರ್ಟ್, ವೈಟಲ್ಸ್ ಚಾರ್ಟ್, ಮತ್ತ ಶಿಫ್ಟ್ ಬದಲಾಗೂ ಮುಂದ ತಗದ ಔಷಧ ಲಿಸ್ಟಿನ ಪ್ರಿಂಟ್. ಸರ್ವರ್ ತಿರುಗಿ ಬಂದ ಮ್ಯಾಲ ಪೇಪರಿನ್ಯಾಗಿದ್ದದ್ದನ್ನ ಯಾರು ಎಂಟ್ರಿ ಮಾಡಬೇಕು, ಯಾವ ಟೈಮ್ ಹಾಕಬೇಕು ಅನ್ನೂದೂ ಅದ ಫೈಲಿನ ಮೊದಲ ಪಾನದಾಗ ಬರದಿರಬೇಕು. ಔಷಧ ಕೊಟ್ಟ ಟೈಮ್ ಹಾಕಬೇಕು, ಎಂಟ್ರಿ ಮಾಡಿದ್ದಲ್ಲ, ಇದನ್ನ ಹೊಸಬರು ದಿನಾ ತಪ್ಪ ಮಾಡ್ತಾರ.

ಕೆಲಸ ಎಲ್ಲೆ ಸಿಗ್ತೈತಿ ಅಂದ್ರ, ನಮ್ಮ ಮೂರೂ ಜಿಲ್ಲೆಯೊಳಗ "ನರ್ಸ್ ಇನ್ಫರ್ಮ್ಯಾಟಿಸಿಸ್ಟ್" ಅಂತ ಬೋರ್ಡ್ ಹಾಕಿದ ಪೋಸ್ಟ್ ಹುಡಕ್ಕೊಂತ ಕುಂತ್ರ ರಿಟೈರ್ ಆಗ್ತೀರಿ. ಹೆಸರು ಬ್ಯಾರೇ ಇರ್ತಾವ: ಕ್ವಾಲಿಟಿ ನರ್ಸ್, ಎನ್‌ಎಬಿಎಚ್ (ದವಾಖಾನಿ ಗುಣಮಟ್ಟಕ್ಕ ಮಾನ್ಯತೆ ಕೊಡೂ ಸಂಸ್ಥೆ) ಕೋಆರ್ಡಿನೇಟರ್, ಕ್ಲಿನಿಕಲ್ ಅಪ್ಲಿಕೇಶನ್ ಸ್ಪೆಷಲಿಸ್ಟ್, ಇಂಪ್ಲಿಮೆಂಟೇಶನ್ ಎಕ್ಸಿಕ್ಯೂಟಿವ್. ಒಳಗ ಹೋಗೂ ಬಾಗಿಲ ಒಂದ, ನಿಮ್ಮ ದವಾಖಾನಿಗೆ ಹೊಸ ಸಾಫ್ಟ್‌ವೇರ್ ಬರ್ತೈತಿ ಅಂತ ಸುದ್ದಿ ಹತ್ತಿದ ದಿನ "ಸೂಪರ್ ಯೂಸರ್ ನಾ ಆಗ್ತೀನಿ ಮೇಡಂ" ಅಂತ ಕೈ ಎತ್ರಿ. ಸೂಪರ್ ಯೂಸರ್ ಅಂದ್ರ ಮೊದಲ ಕಲತು ಉಳಿದವ್ರಿಗೆ ಕಲಿಸೂವಾಕಿ; ಯಾರೂ ಎತ್ತೂದಿಲ್ಲ, ಬೈಸ್ಕೊಳ್ಳೂ ಕೆಲಸ ಅದು. ಐಟಿ ಹುಡುಗರಿಗೆ ಚಾ ಗಿರ್ಮಿಟ್ಟ ಕೊಡಸ್ರಿ, ರೌಂಡ್ಸ್ ಟೈಮಿಗೆ ಒಮ್ಮೆ ಐಸಿಯುಕ್ಕ ಕರಕೊಂಡು ಬಂದು ಗ್ಲವ್ಸ್ ಹಾಕಿದ ಕೈಲೆ ಮೌಸ್ ಹಿಡಿಯೂದ್ ಎಷ್ಟು ಕಷ್ಟ ಅಂತ ತೋರಿಸ್ರಿ, ಮರುದಿನ ಹನ್ನೊಂದು ಕ್ಲಿಕ್ಕಿಂದು ನಾಕಕ್ಕ ಇಳೀತೈತಿ.

ಹೊರದೇಶದ ಆಸೆ ಇದ್ದವ್ರು ಇವತ್ತಿಂದನ ತಾಸು ಬರದಿಡ್ರಿ. ಅಮೆರಿಕಾದಾಗ ನರ್ಸುಗಳಿಗೆ ಸರ್ಟಿಫಿಕೇಟ್ ಕೊಡೂ ಎಎನ್‌ಸಿಸಿ ಸಂಸ್ಥೆಯ ಇನ್ಫರ್ಮ್ಯಾಟಿಕ್ಸ್ ಪರೀಕ್ಷೆಗೆ ಬಿಎಸ್ಸಿ, 2 ವರ್ಷ ಫುಲ್ ಟೈಮ್ ನರ್ಸ್ ಕೆಲಸ, ಕಳೆದ 3 ವರ್ಷದಾಗ 30 ತಾಸು ಇನ್ಫರ್ಮ್ಯಾಟಿಕ್ಸ್ ಕ್ಲಾಸು, ಇಷ್ಟರ ಜೊತಿಗೆ 3 ವರ್ಷದಾಗ 2,000 ತಾಸು ಇನ್ಫರ್ಮ್ಯಾಟಿಕ್ಸ್ ಕೆಲಸ ಕೇಳ್ತಾರ, ಅದರ ಬದ್ಲಿ ಪಿಜಿ ಓದಿದವ್ರಿಗೆ ಬ್ಯಾರೇ ಲೆಕ್ಕಾನೂ ಐತಿ. ಅಷ್ಟು ದೂರ ಬ್ಯಾಡಂದ್ರ ಹಿಮ್ಸ್ (HIMSS) ಅನ್ನೂ ಹೆಲ್ತ್ ಐಟಿ ಸಂಸ್ಥೆಯವರ ಕಾಹಿಮ್ಸ್ (CAHIMS) ಅನ್ನೂ ಎಂಟ್ರಿ ಲೆವೆಲ್ ಸರ್ಟಿಫಿಕೇಟಿನಿಂದ ಚಾಲೂ ಮಾಡಬೋದು. ಸರ್ಟಿಫಿಕೇಟ್ ಕೂಡಿ ಹಾಕೂ ಚಟಾ ಮಾತ್ರ ಹಚ್ಕೋಬ್ಯಾಡ್ರಿ, ಒಂದ್ ಗ್ರಾಫ್ ತೋರಿಸಿದವ್ರಿಗೆ ಕೆಲಸ ಸಿಕ್ಕದ್ದ ನಾ ಹೆಚ್ಚು ನೋಡೀನಿ.

ಕಡೀಕ ವಾರ ಹಂಚ್ಕೊಳ್ಳೂ ಮಾತು. ನಾ ಈಗ ವಾರಕ್ಕ ಮೂರ್ ದಿನ ಐಸಿಯು, ಮೂರ್ ದಿನ ಸಿಸ್ಟಮ್ ಕೆಲಸ. ಇದನ್ನ ಬಾಯಿಮಾತಿನ ಮ್ಯಾಲ ಒಪ್ಕೊಬ್ಯಾಡ್ರಿ, ಹಂಗ ಒಪ್ಪಿ ನಾ ಆರ್ ತಿಂಗಳ ಆರೂ ದಿನ ವಾರ್ಡ್ ಮಾಡಿ, ರವಿವಾರ ಮನಿಯೊಳಗ ಕುಂತು ರಿಪೋರ್ಟ್ ತಗದೀನಿ. ಸ್ಟಾಫ್ ಕಡಿಮಿ ಬಿದ್ದ ದಿನ ಮೊದಲ ಎಳಕೊಳ್ಳೂದು ನಿಮ್ಮನ್ನ. ಅದಕ್ಕ ಡ್ಯೂಟಿ ರೋಸ್ಟರಿನ್ಯಾಗ ಆ ಮೂರ್ ದಿನಕ್ಕ ಬ್ಯಾರೇ ಅಕ್ಷರ ಹಾಕಿಸ್ರಿ, ನಮ್ಮಲ್ಲೆ "ಐ" ಅಂತ ಹಾಕ್ತಾರ, ಮತ್ತ ಆ ದಿನ ನಿಮ್ಮನ್ನ ವಾರ್ಡಿಗೆ ಎಳಕೊಂಡ್ರ ಬದ್ಲಿ ದಿನ ಯಾವುದು ಅಂತ ಅವತ್ತ ರೋಸ್ಟರಿನ ಕೆಳಗ ಎನ್‌ಎಸ್ ಮೇಡಂ ಸಹಿ ಬೀಳಬೇಕು.